ಜರ್ಮನಿಯಲ್ಲಿ ವಾಸ್ತುಶಿಲ್ಪದ ಸ್ನಾತಕೋತ್ತರ ಓದು: ಶುಲ್ಕ ಕಟ್ಟುವ ಮೊದಲು ವಾಸ್ತುಶಿಲ್ಪಿಗಳನ್ನು ನೋಂದಾಯಿಸುವ ಕಾಮರ್‌ಗೆ ಬರೆಯಿರಿ

ತುಮಕೂರಿನ ಕಡೆಯಿಂದ ಜರ್ಮನಿಗೆ ವಾಸ್ತುಶಿಲ್ಪ ಓದಲು ಬರುವ ಹುಡುಗ ಹುಡುಗಿಯರು ವರ್ಷ ವರ್ಷವೂ ಒಂದೇ ಹಳ್ಳಕ್ಕೆ ಬೀಳುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎಂಬ ದೃಢೀಕರಣ), ಬ್ಲಾಕ್ಡ್ ಅಕೌಂಟ್ (ಬದುಕಿನ ಖರ್ಚಿಗೆಂದು ಮೊದಲೇ ಹಣ ಇಡುವ ಖಾತೆ), ವೀಸಾ ಇವುಗಳ ವಿಷಯವನ್ನು ಬಿ.ಎಚ್. ರಸ್ತೆಯ ಯಾವ ಏಜೆಂಟರಾದರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದು ಬೇರೆಯೇ ಇದೆ.

ಇಲ್ಲಿ ಮಾಸ್ಟರ್ಸ್ ಪದವಿಗಳಲ್ಲಿ ಎರಡು ಬಗೆ. ಪದವಿಯ ಓದನ್ನೇ ಮುಂದುವರಿಸುವ ಕೊನ್ಸೆಕುಟಿವ್ ಮಾಸ್ಟರ್ಸ್‌ಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ; ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೊ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಆರಂಭಿಸಿದೆ. ಎರಡನೆಯದು ವೈಟರ್‌ಬಿಲ್ಡುಂಗ್ ಮಾಸ್ಟರ್ಸ್, ಅಂದರೆ ಕೆಲಸದಲ್ಲಿರುವವರಿಗಾಗಿ ರೂಪಿಸಿದ್ದು. ಅದಕ್ಕೆ ಸಾಮಾನ್ಯವಾಗಿ ಪದವಿಯ ನಂತರ ಕನಿಷ್ಠ ಒಂದು ವರ್ಷದ ವೃತ್ತಿ ಅನುಭವ ಬೇಕು ಮತ್ತು ಸರ್ಕಾರಿ ವಿಶ್ವವಿದ್ಯಾಲಯದಲ್ಲಾದರೂ ಶುಲ್ಕ ಕಟ್ಟಬೇಕು. ಇಂಗ್ಲಿಷ್ ಮಾಧ್ಯಮದ, ಎರಡು ದೇಶಗಳಲ್ಲಿ ಓದಿಸುವ, ಹೆಸರು ಆಕರ್ಷಕವಾಗಿರುವ ಕೆಲವು ಕೋರ್ಸುಗಳು ಈ ಎರಡನೆಯ ಬಗೆಗೆ ಸೇರಿದವು. ಜರ್ಮನಿಯಲ್ಲಿ ಓದು ಉಚಿತವೆಂಬ ಭರವಸೆಯಲ್ಲಿ ಊರಿನಲ್ಲಿ ಸಾಲ ಲೆಕ್ಕ ಹಾಕಿದವರಿಗೆ ಇದು ಪ್ರವೇಶಪತ್ರ ಕೈಗೆ ಬಂದ ಮೇಲೆ ತಿಳಿಯುತ್ತದೆ.

ಹಣಕ್ಕಿಂತ ದೊಡ್ಡ ನಷ್ಟ ಕಾಮರ್‌ನಲ್ಲಿ ಕಾದಿರುತ್ತದೆ. ಪದವಿ ಕೊಡುವುದು ವಿಶ್ವವಿದ್ಯಾಲಯವಾದರೂ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವ ಹಕ್ಕನ್ನು ಕೊಡುವುದು ಆಯಾ ರಾಜ್ಯದ ಆರ್ಕಿಟೆಕ್ಟನ್‌ಕಾಮರ್, ಅಂದರೆ ವಾಸ್ತುಶಿಲ್ಪಿಗಳ ಹೆಸರು ನೋಂದಾಯಿಸುವ ಸಂಸ್ಥೆ; ಚಿಕ್ಕದಾಗಿ ಕಾಮರ್. ಹದಿನಾರು ರಾಜ್ಯಗಳಿಗೆ ಹದಿನಾರು ಕಾನೂನುಗಳಿವೆ. ಸಾಮಾನ್ಯವಾಗಿ ಕನಿಷ್ಠ ನಾಲ್ಕು ವರ್ಷಗಳ ವಾಸ್ತುಶಿಲ್ಪ ಶಿಕ್ಷಣ ಮತ್ತು ಆ ಬಳಿಕ ಎರಡು ವರ್ಷಗಳ ವೃತ್ತಿ ಅನುಭವವನ್ನು ಎಲ್ಲರೂ ಕೇಳುತ್ತಾರೆ. ನಗರ ಯೋಜಕರು, ಒಳಾಂಗಣ ವಾಸ್ತುಶಿಲ್ಪಿಗಳು, ಭೂದೃಶ್ಯ ವಾಸ್ತುಶಿಲ್ಪಿಗಳು ಇವರಿಗೆಲ್ಲ ಪ್ರತ್ಯೇಕ ನೋಂದಣಿ ಪಟ್ಟಿಗಳಿವೆ. ಒಂದು ಪಟ್ಟಿಗೆ ಹೊಂದುವ ಪದವಿ ಇನ್ನೊಂದಕ್ಕೂ ಹೊಂದಬೇಕೆಂದೇನಿಲ್ಲ.

ಗುಬ್ಬಿ ತಾಲ್ಲೂಕಿನ ಒಬ್ಬ ಯುವಕ ಎರಡು ದೇಶಗಳ ನಗರ ವಿನ್ಯಾಸ ಕೋರ್ಸನ್ನು ಒಳ್ಳೆಯ ಅಂಕಗಳಿಂದ ಮುಗಿಸಿ, ಇಲ್ಲಿನ ಕಚೇರಿಯೊಂದರಲ್ಲಿ ಎರಡು ವರ್ಷ ದುಡಿದು, ನಂತರ ಕಾಮರ್‌ಗೆ ಅರ್ಜಿ ಹಾಕಿದ. ಅವನ ಮಾಸ್ಟರ್ಸ್ ಅನ್ನು ಅವರು ಕಟ್ಟಡ ವಾಸ್ತುಶಿಲ್ಪದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಭಾರತದ ಬಿ.ಆರ್ಕ್ (ಐದು ವರ್ಷದ ವಾಸ್ತುಶಿಲ್ಪ ಪದವಿ) ಒಂದನ್ನೇ ತೂಗಿ ನೋಡುವುದಾಗಿ ಹೇಳಿ, ಐದು ವರ್ಷಗಳ ಪ್ರತಿಯೊಂದು ವಿಷಯದ ವಿವರ ಕೇಳಿದರು. ಅವನ ಅಂಕಪಟ್ಟಿಯಲ್ಲಿ ಇದ್ದದ್ದು ‘ಮೆಟೀರಿಯಲ್ಸ್ ಅಂಡ್ ಮೆಥಡ್ಸ್’ ಎಂಬ ಹೆಸರು, ಪಕ್ಕದಲ್ಲಿ ಕ್ರೆಡಿಟ್ ಅಂಕಿ, ಅಷ್ಟೆ. ಅದರಲ್ಲಿ ಮರದ ನಿರ್ಮಾಣಕ್ಕೆ ಎಷ್ಟು ಗಂಟೆ, ಅಗ್ನಿ ಸುರಕ್ಷತೆ ಎಲ್ಲಿ ಬಂತು, ತರಗತಿಯ ಹೊರಗೆ ಎಷ್ಟು ಕೆಲಸ ಎಂಬುದು ಅವರ ಪ್ರಶ್ನೆ. ಅವನ ಅಣ್ಣ ರಜೆ ಹಾಕಿ ಕಾಲೇಜಿಗೆ ಓಡಾಡಿ ಹಳೆಯ ಪಠ್ಯಕ್ರಮ ಹುಡುಕಿಸಿದ. ಅದಕ್ಕೆ ಮೊಹರು ಹಾಕಿಸಿ, ಪ್ರಮಾಣೀಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ ಸಲ್ಲಿಸುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಅಲ್ಲಿಯವರೆಗೆ ನಕ್ಷೆಯನ್ನೆಲ್ಲ ತಾನೇ ಬರೆದು ಸಹಿಯನ್ನು ಬೇರೆಯವರಿಂದ ಹಾಕಿಸಬೇಕಾಯಿತು.

ಕ್ರೆಡಿಟ್‌ಗಳನ್ನು ಪಕ್ಕಪಕ್ಕ ಇಟ್ಟು ಸಮ ಎನ್ನಲು ಹೋಗಬೇಡಿ. ಜರ್ಮನಿಯಲ್ಲಿ ಒಂದು ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಒಟ್ಟು ಶ್ರಮ, ವರ್ಷಕ್ಕೆ 60. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 1200 ಗಂಟೆಗಳ ವರ್ಷಕ್ಕೆ 40. ಅಂದರೆ ಕ್ರೆಡಿಟ್‌ಗಳ ಸಂಖ್ಯೆಯೂ ಬೇರೆ, ವರ್ಷದ ಒಟ್ಟು ಗಂಟೆಗಳೂ ಬೇರೆ.

ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ, ಬಿ.ಆರ್ಕ್ ಮುಗಿಯುತ್ತಲೇ 1972ರ ಕಾಯ್ದೆಯಡಿ ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುವ ನಮ್ಮ ಕ್ರಮಕ್ಕಿಂತ, ಎರಡು ವರ್ಷ ದುಡಿಸಿದ ಮೇಲೆ ಬಿರುದು ಕೊಡುವ ಜರ್ಮನ್ ಕ್ರಮವೇ ನನಗೆ ಸರಿಯೆನಿಸುತ್ತದೆ. ಆದರೆ ಓದಿನ ಒಳಗೇ ಕಚೇರಿ ತರಬೇತಿಯನ್ನು ಕಡ್ಡಾಯ ಮಾಡಿರುವ ನಮ್ಮ ಐದು ವರ್ಷದ ಕೋರ್ಸನ್ನು ಇಲ್ಲಿನವರು ಕೀಳಾಗಿ ನೋಡಲು ಕಾರಣವಿಲ್ಲ. ಅದನ್ನು ಕಾಗದದ ಮೇಲೆ ತೋರಿಸುವ ಅಭ್ಯಾಸ ನಮಗಿಲ್ಲ, ತೊಂದರೆ ಅದೇ.

ಜಿಲ್ಲೆಯ ಕಾಲೇಜುಗಳ ಅಧ್ಯಾಪಕರು ಜಂಟಿ ಸ್ನಾತಕೋತ್ತರ ಕೋರ್ಸು ಕಟ್ಟಲು ಇಲ್ಲಿರುವ ನಮ್ಮವರ ನೆರವು ಕೇಳುತ್ತಾರೆ. ಯುಜಿಸಿಯ 2022ರ ನಿಯಮದ ಪ್ರಕಾರ ಜಂಟಿ ಪದವಿಯಲ್ಲಿ ಎರಡೂ ಸಂಸ್ಥೆಗಳಲ್ಲಿ ತಲಾ ಕನಿಷ್ಠ 30 ಶೇಕಡ ಕ್ರೆಡಿಟ್ ಗಳಿಸಬೇಕು. ಟ್ವಿನಿಂಗ್, ಅಂದರೆ ಪದವಿಯನ್ನು ಭಾರತದ ಸಂಸ್ಥೆಯೇ ಕೊಟ್ಟು ಓದಿನ ಒಂದು ಭಾಗ ಮಾತ್ರ ವಿದೇಶದಲ್ಲಿ ನಡೆಯುವ ಕ್ರಮ ಆದರೆ, ವಿದೇಶದ ಪಾಲು 30 ಶೇಕಡ ಮೀರುವಂತಿಲ್ಲ. ಒಡಂಬಡಿಕೆಗೆ ಸಹಿ ಹಾಕಿ ಶಾಲು ಹೊದಿಸುವ ಕಾರ್ಯಕ್ರಮ ಬೇಗ ಮುಗಿಯುತ್ತದೆ. ಗಂಟೆಗಳ ಸಮೇತ ಪ್ರತಿ ವಿಷಯದ ಕೈಪಿಡಿ ಬರೆಯಲು ಮಾತ್ರ ಯಾರೂ ಕೂರುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಆರಂಭವಾಗುವ ಇಲ್ಲಿನ ಚಳಿಗಾಲದ ಸೆಮಿಸ್ಟರಿಗೆ ಅಲ್ಲಿನ ಪರೀಕ್ಷಾ ವೇಳಾಪಟ್ಟಿ ಹೊಂದುವುದೇ ಎಂಬುದನ್ನೂ ಆಗಲೇ ನೋಡಬೇಕು.

ಊರು ಬಿಡುವ ಮೊದಲು ಐದೂ ವರ್ಷಗಳ ಪಠ್ಯಕ್ರಮದ ಪ್ರತಿ ಪುಟಕ್ಕೆ ಪ್ರಾಂಶುಪಾಲರ ಮೊಹರು ಹಾಕಿಸಿಕೊಳ್ಳಿ. ಶುಲ್ಕ ಕಟ್ಟುವ ಮೊದಲು, ನೆಲೆಸಬೇಕೆಂದಿರುವ ರಾಜ್ಯದ ಕಾಮರ್‌ಗೆ ಜರ್ಮನ್‌ನಲ್ಲಿ ಮಿಂಚಂಚೆ ಬರೆದು, ಸೇರಲಿರುವ ಕೋರ್ಸಿನ ಕೈಪಿಡಿಯನ್ನು ಲಗತ್ತಿಸಿ, ಇದು ನೋಂದಣಿಗೆ ಲೆಕ್ಕಕ್ಕೆ ಬರುವುದೇ ಎಂದು ನೇರವಾಗಿ ಕೇಳಿ. ಪ್ರವೇಶ ವಿಭಾಗದವರು ಫೋನಿನಲ್ಲಿ ಹೌದೆಂದದ್ದನ್ನು ನಂಬಬೇಡಿ. ಕಾಮರ್‌ನ ಉತ್ತರ ಬರವಣಿಗೆಯಲ್ಲೇ ಇರಲಿ.