"ದಯವಿಟ್ಟು ಡಿಎಂ ಮಾಡಿ" ಅಂತ ಅಂಟಿಸೋದು ಬಿಟ್ಟ ಕಥೆ

"ಬ್ಯಾಗ್ ಸೂಪರ್ ಕಣ್ರೀ, ವಾರ ಆಗಿಲ್ಲ ಆಗ್ಲೇ ಜಿಪ್ ಬಾಯಿ ಬಿಟ್ಕೊಂಡು ನಗ್ತಾ ಇದೆ."

ನಮ್ಮ ಪೇಜಲ್ಲಿ ಬಂದ ಈ ಕಮೆಂಟಿಗೆ ನಾನು ಹಾಕಿದ ಉತ್ತರ, "ನಿಮ್ಮ ಪ್ರೀತಿಗೆ ಧನ್ಯವಾದಗಳು, ನಿಮ್ಮ ನಗುವೇ ನಮ್ಮ ಸಂತೋಷ", ಜೊತೆಗೆ ಎರಡು ಕೆಂಪು ಹಾರ್ಟ್. ಸೂಪರ್ ಅನ್ನೋದು ಕಣ್ಣಿಗೆ ಬಿತ್ತು, ನಗು ಅನ್ನೋದೂ ಬಿತ್ತು, ಮಧ್ಯದಲ್ಲಿ ಏನಿದೆ ಅಂತ ಓದೋಕೆ ಹೋಗ್ಲಿಲ್ಲ, ಮೊದಲೇ ಬರೆದಿಟ್ಟ ಉತ್ತರಗಳ ಶೀಟಿಂದ ಕಾಪಿ ಮಾಡಿ ಅಂಟಿಸಿ ಮುಂದಿನ ಕಮೆಂಟಿಗೆ ಹೋದೆ. ಊಟ ಮುಗಿಸಿ ಬರೋಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಎಲ್ಲೆಲ್ಲೋ ಓಡಾಡ್ತಿತ್ತು, ಯಾರೋ ಬ್ಯಾಗಿನ ಜಿಪ್ಪಿಗೆ ಕಣ್ಣು ಬರೆದು ಮೀಮ್ ಬೇರೆ ಮಾಡಿದ್ರು. ಚೆನ್ನಾಗಿತ್ತು ಮೀಮು, ಈಗ ಒಪ್ಕೋತೀನಿ.

ನಾನು ಕೆಲಸ ಮಾಡೋದು ಆನ್‌ಲೈನಲ್ಲೇ ಬ್ಯಾಗ್ ಮಾರೋ ಒಂದು ಸಣ್ಣ ಕಂಪನಿಯಲ್ಲಿ. ಪೋಸ್ಟ್ ಹಾಕೋದು, ಕಮೆಂಟಿಗೆ ಉತ್ತರ ಕೊಡೋದು, ಇನ್‌ಬಾಕ್ಸಲ್ಲಿ ಬೈಸ್ಕೊಳ್ಳೋದು ಮೂರೂ ನಂದೇ. ಸೇರಿದ ದಿನ ಕೈಗೆ ಒಂದು ಎಕ್ಸೆಲ್ ಶೀಟ್ ಕೊಟ್ಟಿದ್ರು, ಡೆಲಿವರಿ ಲೇಟಾದ್ರೆ ಒಂದನೇ ಉತ್ತರ, ಬಣ್ಣ ಬೇರೆ ಬಂದ್ರೆ ಎರಡನೇದು, ಹಾಳಾಗಿದ್ರೆ ಮೂರನೇದು, ಹೊಗಳಿದ್ರೆ ಹಾರ್ಟು. ಮೊದಲ ಮೂರರಲ್ಲೂ ಕೊನೆ ಸಾಲು ಮಾತ್ರ ಒಂದೇ, "ದಯವಿಟ್ಟು ಆರ್ಡರ್ ನಂಬರ್ ಡಿಎಂ ಮಾಡಿ", ಅಂದ್ರೆ ಇನ್‌ಬಾಕ್ಸಿಗೆ ಖಾಸಗಿಯಾಗಿ ಮೆಸೇಜ್ ಹಾಕಿ ಅಂತ. ಅದರ ಉದ್ದೇಶ ಸಹಾಯ ಅಲ್ಲ, ಗಲಾಟೆ ನಾಲ್ಕು ಜನರ ಮುಂದೆ ಬೇಡ, ಒಳಗೆ ಬನ್ನಿ ಅಂತ ಕರೆಯೋದು ಅಷ್ಟೇ. ಒಳಗೆ ಬಂದ ಮೇಲೆ ನಾನು ಮಾಡ್ತಿದ್ದಿದ್ದು ಆರ್ಡರ್ ನಂಬರನ್ನ ಇನ್ನೊಂದು ಶೀಟಿಗೆ ಹಾಕಿ "ನಮ್ಮ ತಂಡ ಸಂಪರ್ಕಿಸುತ್ತದೆ" ಅನ್ನೋದು. ತಂಡ ಅಂದ್ರೆ ಒಬ್ಬರು, ಅವರು ವಾರಕ್ಕೊಂದ್ ಸಲ ಆ ಶೀಟ್ ತೆಗೀತಿದ್ರು, ನೆನಪಾದ್ರೆ.

ಮೀಮ್ ಬಂದ ದಿನ ನಾನು ಮಾಡಿದ ಎರಡನೇ ತಪ್ಪು, ಕಮೆಂಟ್ ಹೈಡ್ ಮಾಡಿದ್ದು. ಫೇಸ್‌ಬುಕ್ಕಲ್ಲಿ ಹೈಡ್ ಮಾಡಿದ್ರೆ ಬೇರೆಯವರಿಗೆ ಕಾಣಲ್ಲ, ಆದ್ರೆ ಬರೆದವರಿಗೂ ಅವರ ಫ್ರೆಂಡ್ಸಿಗೂ ಕಾಣ್ತಾನೇ ಇರುತ್ತೆ, ಅವರಿಗೆ ಗೊತ್ತಾಗಲ್ಲ ಅನ್ನೋ ಧೈರ್ಯದಲ್ಲೇ ನಾವೆಲ್ಲ ಆ ಬಟನ್ ಒತ್ತೋದು. ಜಿಪ್ ಕಮೆಂಟ್ ಬರೆದ ಈ ಯಪ್ಪ ಇನ್ನೊಂದು ಅಕೌಂಟಿಂದ ಚೆಕ್ ಮಾಡಿದ್ರು. ಆಮೇಲೆ ಜಿಪ್ ಕಥೆ ಹಿಂದಕ್ಕೆ ಹೋಯ್ತು, "ಕಮೆಂಟ್ ಮುಚ್ಚಿಡೋ ಕಂಪನಿ" ಅನ್ನೋದೇ ಮುಂದಕ್ಕೆ ಬಂತು.

ಅವತ್ತು ರಾತ್ರಿ ನಿದ್ದೆ ಬರದೆ ಬೇರೆಯವರು ಇಂಥದ್ದಕ್ಕೆ ಏನ್ ಮಾಡಿದ್ರು ಅಂತ ಹುಡುಕ್ತಾ ಕೂತಾಗ ಕಾಮ್‌ಕಾಸ್ಟ್ ಕಥೆ ಸಿಕ್ತು, ಅಮೆರಿಕಾದ ದೊಡ್ಡ ಕೇಬಲ್ ಕಂಪನಿ. 2006 ರಲ್ಲಿ ಒಬ್ಬ ಗ್ರಾಹಕ ಯೂಟ್ಯೂಬಿಗೆ ಒಂದು ವೀಡಿಯೋ ಹಾಕಿದ್ದ, ರಿಪೇರಿಗೆ ಬಂದ ಟೆಕ್ನಿಷಿಯನ್ ಇವನ ಮನೆ ಸೋಫಾ ಮೇಲೇ ನಿದ್ದೆ ಹೋಗಿಬಿಟ್ಟಿದ್ದಾನೆ. ನೋಡಿದವರೆಲ್ಲ ಸೋಮಾರಿ ಅಂತ ನಕ್ಕರು. ಆದ್ರೆ ಅವನು ಯಾಕೆ ನಿದ್ದೆ ಹೋದ ಅಂದ್ರೆ, ಸ್ವಂತ ಕಂಪನಿ ಆಫೀಸಿಗೇ ಫೋನ್ ಮಾಡಿ ಹೋಲ್ಡಲ್ಲಿ ಕಾದೂ ಕಾದೂ ಸುಸ್ತಾಗಿ! ಕೆಲಸ ಹೋಗಿದ್ದು ಮಾತ್ರ ಅವನದ್ದೇ. ಅದೇ ಕಂಪನಿಯಲ್ಲಿ 2008 ರಲ್ಲಿ ಫ್ರಾಂಕ್ ಎಲಿಯಾಸನ್ ಅನ್ನೋರು ಟ್ವಿಟರಲ್ಲಿ ಕಾಮ್‌ಕಾಸ್ಟ್ ಕೇರ್ಸ್ ಅನ್ನೋ ಹ್ಯಾಂಡಲಲ್ಲಿ ಕೂತು, ಬೈತಿದ್ದವರಿಗೆಲ್ಲ "ನಾನೇನಾದ್ರೂ ಸಹಾಯ ಮಾಡಬಹುದಾ" ಅಂತ ಕೇಳೋಕೆ ಶುರು ಮಾಡಿದ್ರು. ಆಗ ಅದು ಹೊಸದು, ಎಲ್ಲರೂ ಮೆಚ್ಚಿದ್ರು, ಈಗ ಎಲ್ಲಾ ಕಂಪನಿಗೂ ಅಂಥ ಒಂದು ಹ್ಯಾಂಡಲ್ ಇದೆ. ಆದ್ರೆ ನನ್ನ ತಲೇಲಿ ಕೂತಿದ್ದು ಆ ಸೋಫಾದವನೇ. ನಾನೂ ಅವನೇ ಅಲ್ವಾ, ಮುಂದೆ ಗ್ರಾಹಕ ನಿಂತಿದ್ದಾನೆ, ಹಿಂದೆ ನಮ್ಮವರೇ ಫೋನ್ ಎತ್ತಲ್ಲ.

ಮರುದಿನ ಶೀಟ್ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ತಗೊಂಡೆ. ಹಿಂದಿನ ಕಮೆಂಟು, ಮೆಸೇಜು, ಮೇಲು ಎಲ್ಲಾ ಮೊದಲಿಂದ ಓದಿದೆ, ಪೂರ್ತಿ ಓದಿದೆ, ಫೋಟೋ ಜೂಮ್ ಮಾಡಿ ನೋಡಿದೆ. ನಮ್ಮ ಶೀಟಲ್ಲಿ "ಹಾಳಾಗಿದೆ" ಅಂತ ಒಂದೇ ಕಾಲಂ ಇತ್ತು, ಪಟ್ಟಿ ಕಿತ್ತಿದ್ರೂ ಅದೇ, ಹೊಲಿಗೆ ಬಿಚ್ಚಿದ್ರೂ ಅದೇ, ಜಿಪ್ಪೂ ಅದೇ, ಹಾಗಾಗಿ ಯಾರಿಗೂ ಏನೂ ಕಂಡಿರಲಿಲ್ಲ. ಬಿಡಿಸಿ ಬರೆದ ಮೇಲೆ ನೋಡಿದ್ರೆ ಜಿಪ್ ದೂರೆಲ್ಲ ಕಡುನೀಲಿ ಬ್ಯಾಗಿಂದು, ಅದೂ ಎರಡು ತಿಂಗಳ ಒಳಗೆ ತಗೊಂಡವರದ್ದು. ಮಜಾ ಅಂದ್ರೆ ಟೈಲರಿಂಗ್ ಮಾಡೋ ಒಬ್ಬರು ನಮ್ಮ ಪೇಜಲ್ಲಿ ಯಾರೋ ಹಾಕಿದ್ದ ಮೀಮ್ ಕೆಳಗೇ ಬರೆದಿದ್ರು, "ಜಿಪ್ಪಲ್ಲ ಸರ್ ಪ್ರಾಬ್ಲಂ, ರನ್ನರ್ ಲೂಸು". ನಾನು ಆ ಕಮೆಂಟನ್ನೂ ಹೈಡ್ ಮಾಡಿದ್ದೆ.

ರನ್ನರ್ ಅಂದ್ರೆ ನಾವು ಬೆರಳಲ್ಲಿ ಹಿಡ್ಕೊಂಡು ಎಳೀತೀವಲ್ಲ ಆ ತುಂಡು. ಎರಡೂ ಕಡೆ ಹಲ್ಲನ್ನ ಒಳಗೆ ತಗೊಂಡು ಒತ್ತಿ ಒಂದಕ್ಕೊಂದು ಕಚ್ಚಿಸೋದು ಅದರ ಕೆಲಸ. ಅದರ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಮಧ್ಯೆ ಇರೋ ಸಂದು ಒಂಚೂರು ಜಾಸ್ತಿಯಾದ್ರೂ ಸಾಕು, ಒತ್ತು ಸಾಲದೆ ಹಲ್ಲು ಕಚ್ಚಲ್ಲ, ರನ್ನರ್ ಮುಂದೆ ಮುಂದೆ ಹೋಗ್ತಿರುತ್ತೆ, ಹಿಂದೆ ಜಿಪ್ ಬಾಯಿ ಬಿಡ್ತಾ ಬರುತ್ತೆ. ಹೊಲಿಗೆ ಯೂನಿಟ್ಟಿಗೆ ಹೋಗಿ ಮೇಸ್ತ್ರಿ ಅಣ್ಣನ್ನ ಕೇಳಿದೆ. ಅವರು ತಲೆ ಎತ್ತದೇನೇ ಹೇಳಿದ್ರು, "ಆವಾಗ ಮಾಮೂಲಿಯವರ ಹತ್ರ ಮಾಲಿರ್ಲಿಲ್ಲ, ಬೇರೆಯವರ ಹತ್ರ ರನ್ನರ್ ತಂದ್ವಿ, ಸೈಜ್ ನಂಬರ್ ಅದೇ ಐದು. ಲೂಸಿದೆ ಅಂತ ನಾನು ಆಗ್ಲೇ ಹೇಳಿದ್ನಲ್ಲ." ಯಾರಿಗೆ ಹೇಳಿದ್ರಿ ಅಂದೆ. "ಆಫೀಸಿಗೆ."

ಓನರ್ ಹತ್ರ ಒಂದೂವರೆ ಗಂಟೆ ವಾದ ಆಯ್ತು. ಅವರು ಕೆಟ್ಟವರಲ್ಲ, ಹೆದರಿದ್ರು ಅಷ್ಟೇ. ಅವರು ಹೇಳಿದ ಸಾಲು, "ಕೆಲವು ಗ್ರಾಹಕರಿಗೆ ಸಣ್ಣಪುಟ್ಟ ತೊಂದರೆ ಆಗಿರಬಹುದು". ನಾನು ಕೇಳಿದೆ, ಸರ್, ಆಗಿರಬಹುದು ಅಂದ್ರೆ ಏನು, ಆಗಿದೆಯೋ ಇಲ್ವೋ? ಫೋಟೋ ಇದೆಯಲ್ಲ. ಕೊನೆಗೆ ಹಾಕಿದ್ದು ಇಷ್ಟು: "ತಪ್ಪು ನಮ್ಮದು. ಈ ಎರಡು ತಿಂಗಳಲ್ಲಿ ಮಾಡಿದ ಕಡುನೀಲಿ ಬ್ಯಾಗಿಗೆ ಸಡಿಲ ರನ್ನರ್ ಹಾಕಿಬಿಟ್ಟಿದ್ದೀವಿ, ಹಾಕೋಕೆ ಮುಂಚೆ ಚೆಕ್ ಮಾಡಲಿಲ್ಲ. ಬೇಕಾದವರಿಗೆ ಬ್ಯಾಗ್ ಬದಲಾಯಿಸಿ ಕೊಡ್ತೀವಿ, ಬೇಡ ಅನ್ನೋರಿಗೆ ದುಡ್ಡು ವಾಪಸ್. ಕಮೆಂಟ್ ಹೈಡ್ ಮಾಡಿದ್ದೂ ತಪ್ಪೇ, ಎಲ್ಲಾ ಮತ್ತೆ ಕಾಣೋ ಹಾಗೆ ಮಾಡಿದ್ದೀವಿ." ಜೊತೆಗೆ ಒಂದು ವೀಡಿಯೋ, ಮೇಸ್ತ್ರಿ ಅಣ್ಣ ಪಕ್ಕಡ್ ಹಿಡ್ಕೊಂಡು ರನ್ನರಿನ ಎರಡೂ ಪಕ್ಕ ಮೆಲ್ಲಗೆ ಒಂದೊಂದ್ ಸಲ ಒತ್ತಿ, ಎಳೆದು ತೋರಿಸಿ, "ಜೋರಾಗಿ ಒತ್ತಬೇಡಿ, ಸಿಕ್ಕಾಕ್ಕೊಳ್ಳುತ್ತೆ, ಇದು ತಾತ್ಕಾಲಿಕ ಅಷ್ಟೇ" ಅಂತಾರೆ. ಹಿಂದೆ ಮಿಷಿನ್ ಸದ್ದು, ಲೈಟ್ ಇಲ್ಲ, ಅವರ ಮುಖ ಅರ್ಧ ಫ್ರೇಮಿಂದ ಹೊರಗೆ. ದುಡ್ಡು ಖರ್ಚು ಮಾಡಿ ಮಾಡೆಲ್ ಕರೆಸಿ ತೆಗೆದ ಯಾವ ರೀಲಿಗೂ ಅಷ್ಟು ಜನ ಬಂದಿರಲಿಲ್ಲ. ನಮ್ಮ ಬ್ಯಾಗ್ ತಗೊಳ್ಳದವರೂ ತಮ್ಮ ಹಳೇ ಬ್ಯಾಗಿನ ಜಿಪ್ ಸರಿ ಮಾಡ್ಕೊಂಡು ಫೋಟೋ ಹಾಕಿದ್ರು.

ಇಲ್ಲಿಗೆ ಸುಖಾಂತ್ಯ ಅಂದ್ಕೋಬೇಡಿ. ಪೋಸ್ಟ್ ಹಾಕಿದ ವಾರ ದೂರು ಕಮ್ಮಿ ಆಗಲಿಲ್ಲ, ಜಾಸ್ತಿ ಆಯ್ತು, ಅಲ್ಲಿವರೆಗೆ ಹಾಳಾಗಿಹೋಗ್ಲಿ ಅಂತ ಸುಮ್ಮನಿದ್ದವರೆಲ್ಲ ಬಂದ್ರು. ಓನರ್ ನನ್ನ ಮುಖ ನೋಡ್ತಿರಲಿಲ್ಲ. ಅದರ ಮೇಲೆ ಗೋಡೌನಲ್ಲಿ ಯಾರೂ ಹಳೇ ಸ್ಟಾಕ್ ಬೇರೆ ಮಾಡಿರಲಿಲ್ಲ, ಒಬ್ಬರು ಮೇಡಂಗೆ ಬದಲಿಗೆ ಕಳಿಸಿದ್ದೂ ಅದೇ ಲಾಟಿನ ಕಡುನೀಲಿ ಬ್ಯಾಗು. ಅವರು ಬೈಲಿಲ್ಲ. ಎರಡೂ ಬ್ಯಾಗ್ ಪಕ್ಕಪಕ್ಕ ಇಟ್ಟು, ಎರಡೂ ಬಾಯಿ ಬಿಟ್ಕೊಂಡಿರೋ ಒಂದು ಫೋಟೋ ಕಳಿಸಿದ್ರು, ಕೆಳಗೆ ಒಂದಕ್ಷರ ಇಲ್ಲ. ಮಾರ್ಕೆಟಿಂಗ್ ಓದಿದವರು ಸರ್ವಿಸ್ ರಿಕವರಿ ಪ್ಯಾರಡಾಕ್ಸ್ ಅಂತಾರಲ್ಲ, 1992 ರಿಂದ ಇರೋ ಮಾತು, ತಪ್ಪಾದ್ರೂ ಚೆನ್ನಾಗಿ ಸರಿಮಾಡಿಕೊಟ್ರೆ ತಪ್ಪೇ ಆಗದವರಿಗಿಂತ ಆ ಗ್ರಾಹಕ ಹೆಚ್ಚು ಖುಷಿಯಾಗಿರ್ತಾನೆ ಅಂತ, ಅದು ಎರಡನೇ ಸಲ ಅದೇ ತಪ್ಪು ಮಾಡಿದವರಿಗೆ ಕೆಲಸ ಮಾಡಲ್ಲ. ಆ ಮೇಡಂ ದುಡ್ಡು ವಾಪಸ್ ತಗೊಂಡ್ರು, ಇವತ್ತಿಗೂ ನಮ್ಮಲ್ಲಿ ಏನೂ ತಗೊಂಡಿಲ್ಲ.

ಆ ಫೋಟೋ ಪ್ರಿಂಟ್ ತೆಗೆದು ಓನರ್ ಟೇಬಲ್ ಮೇಲಿಟ್ಟೆ. ಅವತ್ತು ಎರಡು ವಿಷಯ ಒಪ್ಪಿಸಿದೆ. ಒಂದು, ಯಾರನ್ನೂ ಕೇಳದೆ ಬ್ಯಾಗ್ ಬದಲಾಯಿಸೋದು, ದುಡ್ಡು ವಾಪಸ್ ಮಾಡೋದು ನನ್ನ ಕೈಲೇ ಇರಬೇಕು. ಎರಡು, ಪ್ರತಿ ಸೋಮವಾರ ನನ್ನ ನೋಟ್‌ಬುಕ್ ಹಿಡ್ಕೊಂಡು ಹೊಲಿಗೆ ಯೂನಿಟ್ಟಲ್ಲಿ ಅರ್ಧ ಗಂಟೆ ಕೂರಬೇಕು. ನಿಜ ಹೇಳ್ಬೇಕು ಅಂದ್ರೆ ನನ್ನ ಉತ್ತರಗಳ ಭಾಷೆ ಬದಲಾಗಿದ್ದು ಇದಾದ ಮೇಲೇನೇ, ಯಾವ ಟ್ರೈನಿಂಗಿಂದಾನೂ ಅಲ್ಲ. ಕೈಲಿ ಅಧಿಕಾರ ಇಲ್ಲದವನು "ವಿಷಾದಿಸುತ್ತೇವೆ" ಅಂತಲೇ ಬರೀಬೇಕು, ಬೇರೆ ಏನ್ ಬರೀತಾನೆ? ಈಗ "ನಾಳೆ ಪಿಕಪ್ಪಿಗೆ ಬರ್ತಾರೆ, ಬಿಲ್ ಬೇಡ, ಬ್ಯಾಗ್ ಕೊಟ್ಬಿಡಿ" ಅಂತ ಬರೀತೀನಿ, ಮುಗೀತು. ಡಿಎಂಗೆ ಕರೆಯೋದು ಅಡ್ರೆಸ್ಸು, ಫೋನ್ ನಂಬರ್ ಬೇಕಾದಾಗ ಮಾತ್ರ, ಏನು ತೀರ್ಮಾನ ಆಯ್ತು ಅಂತ ವಾಪಸ್ ಬಂದು ಅದೇ ಕಮೆಂಟಿನ ಕೆಳಗೆ ಬರೀತೀನಿ.

ಇನ್ನೊಂದು ಹೊಲಸು ಕೆಲಸಾನೂ ಹೇಳ್ಬಿಡ್ತೀನಿ. ಮೀಮ್ ಗಲಾಟೆಗೂ ಮುಂಚೆ ರೇಟಿಂಗ್ ಏರಿಸೋಕೆ ಅಂತ ಆಫೀಸಿನವರೆಲ್ಲ ಕೂತು ಐದೈದು ಸ್ಟಾರ್ ರಿವ್ಯೂ ಬರೆದಿದ್ವಿ. ಒಂದೇ ದಿನ, ಎಲ್ಲದರಲ್ಲೂ "ಅದ್ಭುತ ಗುಣಮಟ್ಟ". ಜನ ಅದನ್ನ ಹಿಡಿಯೋಕೆ ಹತ್ತು ನಿಮಿಷ ಸಾಕಾಯ್ತು. ಅಳಿಸಿದೀವಿ. ಅಮೆರಿಕಾದಲ್ಲಿ 2024 ರ ಅಕ್ಟೋಬರಿಂದ ಸುಳ್ಳು ರಿವ್ಯೂ ಕೊಳ್ಳೋದು, ಮಾರೋದಷ್ಟೇ ಅಲ್ಲ, ಕಂಪನಿ ಒಳಗಿನವರು ತಾವು ಯಾರು ಅಂತ ಹೇಳದೆ ಬರೆಯೋದಕ್ಕೂ ದಂಡ ಹಾಕೋ ನಿಯಮ ಬಂದಿದೆ, ಆದ್ರೆ ನಮಗೆ ಬುದ್ಧಿ ಬಂದಿದ್ದು ಕಾನೂನಿಂದ ಅಲ್ಲ, ಮಾನ ಹೋಗಿದ್ದರಿಂದ.

ಮತ್ತೆ ಈ ಅಥೆಂಟಿಕ್, ಅಂದ್ರೆ ನಾಟಕ ಇಲ್ಲದ ನಿಜವಾದದ್ದು, ಅನ್ನೋ ಪದ. ಈಗ ಅದೂ ಒಂದು ವೇಷ ಆಗಿದೆ. ಬೇಕಂತಲೇ ಕ್ಯಾಮೆರಾ ಅಲ್ಲಾಡಿಸೋದು, ಬಿಳೀ ಹಿನ್ನೆಲೆ ಮೇಲೆ ಕಪ್ಪಕ್ಷರದಲ್ಲಿ ಕಣ್ಣೀರಿನ ಕ್ಷಮಾಪಣೆ, ದೂರು ಕೊಟ್ಟವರ ಹತ್ರ "ಏನ್ ಮಚ್ಚಾ" ಅಂತ ಸಲುಗೆ. ನಮ್ಮಲ್ಲೂ ಮೇಸ್ತ್ರಿ ಅಣ್ಣನ ವೀಡಿಯೋ ಓಡಿದ ಮೇಲೆ ಓನರ್ ವಾರಕ್ಕೊಂದು ಅಂಥದ್ದೇ ಮಾಡಿ ಅಂದ್ರು. ಎರಡನೇದಕ್ಕೆ ಅಣ್ಣ ತಲೆ ಬಾಚ್ಕೊಂಡು ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದು ನಾನು ಬರೆದುಕೊಟ್ಟ ಡೈಲಾಗ್ ಒಪ್ಪಿಸಿದ್ರು, ಯಾರೂ ನೋಡ್ಲಿಲ್ಲ. ಹೇಳೋಕೆ ಏನಾದ್ರೂ ಇದ್ದಾಗ ಮಾತ್ರ ಕರೀರಪ್ಪ ಅಂತ ಅವರೇ ಹೇಳಿ ಮಿಷಿನ್ ಹತ್ರ ಹೋದ್ರು.

ಇನ್ನೂ ಸರಿಹೋಗದೇ ಇರೋದು ಒಂದಿದೆ, ಅದು ನನಗೆ ಚುಚ್ಚುತ್ತೆ. ಅಳೋ ಮಗೂಗೆ ಮಾತ್ರ ಹಾಲು ಅನ್ನೋ ಹಾಗೆ, ಎಲ್ಲರ ಮುಂದೆ ಕೂಗಿದವರಿಗೆ ಬೇಗ ಕೆಲಸ ಆಗುತ್ತೆ. 2013 ರಲ್ಲಿ ಬ್ರಿಟಿಷ್ ಏರ್‌ವೇಸ್ ತಮ್ಮ ತಂದೆಯ ಲಗೇಜ್ ಕಳೆದುಹಾಕಿತು ಅಂತ ಒಬ್ಬರು ದುಡ್ಡು ಕೊಟ್ಟು ತಮ್ಮ ದೂರಿನ ಟ್ವೀಟನ್ನೇ ಜಾಹೀರಾತು ಮಾಡಿಸಿದ್ರು, ಗಂಟೆಗಟ್ಟಲೆ ಆದ ಮೇಲೆ ಬಂದ ಉತ್ತರ, ನಮ್ಮ ಟ್ವಿಟರ್ ಬೆಳಿಗ್ಗೆ 9 ರಿಂದ ಸಂಜೆ 5 ರವರೆಗೆ ಮಾತ್ರ ಅಂತ. ಅದನ್ನ ಓದಿ ನಾನು ನಕ್ಕಿದ್ದೆ, ನಗೋ ಯೋಗ್ಯತೆ ನಮಗಿರಲಿಲ್ಲ. ಫಾಲೋವರ್ಸ್ ಜಾಸ್ತಿ ಇದ್ದವರಿಗೆ ಮರುದಿನವೇ ಹೊಸ ಬ್ಯಾಗ್ ಕಳಿಸಿದ ವಾರವೇ, ಒಬ್ಬರು ವಯಸ್ಸಾದವರು ಮೂರು ವಾರದಿಂದ ಮರ್ಯಾದೆಯಾಗಿ ಮೇಲ್ ಬರೆದು ಕಾಯ್ತಿದ್ರು, "ತಾವು ಬಿಡುವಾದಾಗ ಗಮನಿಸಿ" ಅಂತ. ಈಗ ಬೆಳಿಗ್ಗೆ ಬಂದ ತಕ್ಷಣ ಮೊದಲು ಮೇಲ್ ತೆಗೀತೀನಿ, ಹಳೇದರಿಂದ ಶುರು ಮಾಡಿ, ಕಮೆಂಟೆಲ್ಲ ಆಮೇಲೆ. ಮೆಸೆಂಜರ್, ವಾಟ್ಸ್ಆ್ಯಪಲ್ಲಿ ಗ್ರಾಹಕರು ಬರೆದ 24 ಗಂಟೆ ಒಳಗೆ ಉತ್ತರ ಕೊಡ್ಲಿಲ್ಲ ಅಂದ್ರೆ ನಮ್ಮ ಥರದ ಕಂಪನಿ ಅಕೌಂಟಿಂದ ಆಮೇಲೆ ಮನಸಿಗೆ ಬಂದ ಹಾಗೆ ಬರೆಯೋಕೆ ಬಿಡಲ್ಲ, ಅದಕ್ಕೆ ಅವೂ ಓಡ್ತವೆ. ಮೇಲಿಗೆ ಅಂಥ ಗಡಿಯಾರ ಇಲ್ಲ, ಅದಕ್ಕೇ ಅದು ಎಲ್ಲಾ ಕಂಪನಿಯಲ್ಲೂ ಕೊಳೆಯೋದು.

ಮೊದಲ ಕಮೆಂಟ್ ಬರೆದವರು ಈಗಲೂ ನಮ್ಮ ಪೇಜಲ್ಲಿದ್ದಾರೆ. ಹೊಸ ಬ್ಯಾಗ್ ಪೋಸ್ಟ್ ಹಾಕಿದ ಪ್ರತಿ ಸಲ ಬಂದು "ನಗುತ್ತಾ?" ಅಂತ ಒಂದೇ ಪದ ಕೇಳ್ತಾರೆ. ಮೇಸ್ತ್ರಿ ಅಣ್ಣ ಪ್ರತಿ ಹೊಸ ಲಾಟಿನ ರನ್ನರ್ ಹಾಕಿ ಐನೂರು ಸಲ ಎಳೆದು ನೋಡ್ತಾರೆ, ಅದಾದ ಮೇಲೇ ನಾನು ಅವರಿಗೆ ಉತ್ತರ ಹಾಕೋದು. ಈ ವಾರದ್ದು ಇನ್ನೂ ಮುನ್ನೂರಕ್ಕೆ ಬಂದಿದೆ, ಕಮೆಂಟ್ ಹಾಗೇ ಇದೆ, ಕಾಯ್ಲಿ.