ರಿಮೋಟ್ ಕಾರ್ ತರೋ ಮುಂಚೆ ಮಗುವಿನ ಬೆರಳು ನೋಡಿ

ಮೂರು ವರ್ಷದ ಮಗನಿಗೆ ಅಂತ ಹುಬ್ಬಳ್ಳಿ ದುರ್ಗದಬೈಲಿನಿಂದ ದೊಡ್ಡ ರಿಮೋಟ್ ಕಾರ್ ತಂದಿದ್ದೆ. ರಿಮೋಟಿಗೆ ಎರಡು ಕಡ್ಡಿ. ಒಂದು ಹಿಂದೆ-ಮುಂದೆ, ಇನ್ನೊಂದು ಎಡ-ಬಲ. ಅವನು ಒಂದನ್ನು ಒತ್ತಿದರೆ ಇನ್ನೊಂದು ಕೈ ಬಿಟ್ಟುಹೋಗುತ್ತಿತ್ತು. ಕಾರು ಸೀದಾ ಹೋಗಿ ತಿಜೋರಿ ಕಾಲಿಗೆ ಡಿಕ್ಕಿ. ಕೊನೆಗೆ ಆಡಿದ್ದು ನಾನೇ!

ಮೂರರಿಂದ ಐದು ವರ್ಷದವರಿಗೆ ಎರಡೇ ಗುಂಡಿ ಸಾಕು. ಒಂದು ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ತಿರುಗುತ್ತಾ ಹಿಂದೆ. ಆರು ದಾಟಿದ ಮೇಲೆ ಪೂರ್ತಿ ಸ್ಟಿಯರಿಂಗ್ ಇರೋದು ಕೊಡಿ. ಜೋರಾಗಿ ಓಡುವ ಕಾರು ಹತ್ತರ ನಂತರ, ಅದೂ ಬಯಲಲ್ಲಿ.

ಅಣ್ಣ-ತಮ್ಮ ಇಬ್ಬರಿಗೂ ತರೋದಾದರೆ ರಿಮೋಟಿನ ರೇಡಿಯೋ ಅಲೆ 2.4 ಗಿಗಾಹರ್ಟ್ಸ್ ಇರೋದೇ ಕೇಳಿ. 27 ಮೆಗಾಹರ್ಟ್ಸ್‌ನ ಎರಡು ತಂದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡಿ ಜಗಳ ಶುರು, ಅಲ್ವಾ?

ಡಬ್ಬಿ ಮೇಲೆ ಐಎಸ್‌ಐ ಗುರುತು ನೋಡಿ, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಬಟನ್ ಸೆಲ್ (ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿ) ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು.

ಮಳೆಗಾಲದಲ್ಲಿ ನಮ್ಮ ಎರೆಮಣ್ಣಿಗಂತೂ ಬಿಡಬೇಡಿ. ಗಾಲಿಗೆ ಮೆತ್ತಿಕೊಂಡರೆ ಮೋಟಾರು ಬಿಸಿಯಾಗಿ ಸುಟ್ಟೇ ಹೋಗುತ್ತದೆ.