ಉತ್ಸವದ ವೇದಿಕೆಯಲ್ಲಿ ಸ್ಟ್ಯಾಂಡಪ್ ಹಾಸ್ಯ: ನೋಡುವ, ಕೇಳುವ ಕ್ರಮ

ಗಂಗಾವತಿ ಪ್ರಾಣೇಶ್ ಅವರಂತಹವರ ನಗೆಹಬ್ಬಗಳನ್ನು ಕೇಳಿ ಬೆಳೆದ ಕಲಬುರಗಿ, ಬೀದರ್, ಯಾದಗಿರಿಯ ಜನರಿಗೆ ಮೈಕಿನ ಮುಂದೆ ಒಬ್ಬರೇ ನಿಂತು ನಗಿಸುವುದು ಹೊಸತಲ್ಲ. ಆದರೆ ಸ್ಟ್ಯಾಂಡಪ್ ಕಾಮಿಡಿಯನ್ನು ಕೇಳುವ ಕ್ರಮ ಸ್ವಲ್ಪ ಬೇರೆ. ಹಾಸ್ಯ ಭಾಷಣದಲ್ಲಿ ಪ್ರಸಂಗಗಳು ಒಂದರ ಹಿಂದೊಂದು ಬರುವುದರಿಂದ ನಡುವೆ ಎದ್ದು ಹೋಗಿ ಬಂದರೂ ಎಳೆ ಸಿಗುತ್ತದೆ. ಸ್ಟ್ಯಾಂಡಪ್ ಕಲಾವಿದರು ಹೆಚ್ಚಾಗಿ ತಮ್ಮದೇ ಬದುಕನ್ನು ಹೇಳುತ್ತ, ಆರಂಭದಲ್ಲಿ ಸಹಜವಾಗಿ ಆಡಿ ಬಿಟ್ಟ ಮಾತೊಂದನ್ನು ಕೊನೆಗೆ ಮತ್ತೆ ಎತ್ತಿಕೊಂಡು ನಗಿಸುತ್ತಾರೆ. ಆದ್ದರಿಂದ ತಡವಾಗಿ ಹೋಗಬೇಡಿ.

ಕೂರುವ ಜಾಗಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುತ್ತೇನೆ. 2023ರ ಜನವರಿಯಲ್ಲಿ ಬೀದರ್ ಉತ್ಸವ ನಡೆದ ಕೋಟೆಯ ಆವರಣದಂತಹ ಬಯಲಿನಲ್ಲಿ ನಗು ಗಾಳಿಗೆ ಚದುರಿ ಹೋಗುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ವೇದಿಕೆಯ ಸ್ಪೀಕರಿನಿಂದ ನೂರು ಮೀಟರ್ ಹಿಂದೆ ಕುಳಿತವರಿಗೆ ಎಲ್‌ಇಡಿ ಪರದೆಯ ಮೇಲಿನ ಹುಬ್ಬಿನ ಚಲನೆ ಮೊದಲು ಕಂಡು, ಮಾತು ಸುಮಾರು 0.3 ಸೆಕೆಂಡ್ ತಡವಾಗಿ ಕೇಳುತ್ತದೆ. ಅಷ್ಟು ಚಿಕ್ಕ ಬಿಡುವಿನ ಮೇಲೆಯೇ ನಿಂತ ಕಲೆಯಿದು. ಮುಂದಿನ ಸೋಫಾಗಳು ಗಣ್ಯರಿಗೆ ಮೀಸಲಾಗಿದ್ದರೆ ಅವುಗಳ ಬೆನ್ನಿಗೇ ಇರುವ ಕುರ್ಚಿಗಳನ್ನು ಬೇಗ ಹೋಗಿ ಹಿಡಿಯಿರಿ. ಜನವರಿಯ ಬೀದರ್ ರಾತ್ರಿಗೆ ಸ್ವೆಟರ್, ಮಫ್ಲರ್ ಬೇಕೇ ಬೇಕು. ನಡುಗುತ್ತ ಕುಳಿತವರಿಗೆ ನಗು ಬರುವುದಿಲ್ಲ. ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಂತಹ ಮುಚ್ಚಿದ ಸಭಾಂಗಣದಲ್ಲಿ ಕಾರ್ಯಕ್ರಮವಿದ್ದರೆ ಅದನ್ನೇ ಆರಿಸಿಕೊಳ್ಳಿ, ನಡುವೆ ಕುರ್ಚಿ ಖಾಲಿ ಬಿಡದೆ ಒತ್ತಾಗಿ ಕೂರಿ. ಉತ್ಸವದ ಮುಖ್ಯ ವೇದಿಕೆಯಲ್ಲಿ ಹಾಸ್ಯದ ನಂತರ ಹೆಸರಾಂತ ಗಾಯಕರ ಸರದಿ ಇದ್ದರೆ ಜನ ಆ ಹಾಡಿಗಾಗಿ ಕಾಯುತ್ತ ಗದ್ದಲ ಮಾಡುವ ಸಂಭವ ಹೆಚ್ಚು.

ನಗು ಬಂದರೆ ಗಟ್ಟಿಯಾಗಿ ನಗಿ. ಬಾಯಿಗೆ ಸೆರಗು ಅಡ್ಡ ಹಿಡಿದು, ಹೆಗಲು ಕುಣಿಸುತ್ತ ನಗುವವರು ನಮ್ಮಲ್ಲಿ ಬಹಳ. ಅದು ನೋಡಲು ಚೆಂದ, ಆದರೆ ಮುಖಕ್ಕೆ ಬೆಳಕು ಹೊಡೆಯುತ್ತಿರುವ ಕಲಾವಿದರಿಗೆ ಕತ್ತಲಲ್ಲಿರುವ ನಾವು ಸರಿಯಾಗಿ ಕಾಣುವುದಿಲ್ಲ, ಕೇಳಿಸುವುದಷ್ಟೇ. ಮುಂದಿನ ಮಾತನ್ನು ಯಾವಾಗ ಆಡಬೇಕೆಂದು ಅವರು ತಿಳಿಯುವುದು ನಮ್ಮ ನಗುವಿನ ಏರಿಳಿತದಿಂದ. ಪಕ್ಕದವರಿಗೆ ಮಾತು ಅರ್ಥವಾಗದಿದ್ದರೆ ನಂತರ ಬಿಡಿಸಿ ಹೇಳಿ, ಏಕೆಂದರೆ ನೀವು ವಿವರಿಸುವಷ್ಟರಲ್ಲಿ ಇಬ್ಬರಿಗೂ ಮುಂದಿನ ಮಾತು ತಪ್ಪಿರುತ್ತದೆ. ಕೊನೆ ಹೀಗೇ ಎಂದು ಊಹಿಸಿ ಮೊದಲೇ ಕೂಗುವುದಂತೂ ದೊಡ್ಡ ತಪ್ಪು.

ಕಲಾವಿದರು ನಿಮ್ಮನ್ನೇ ಮಾತಾಡಿಸಿದರೆ ಹೆದರಬೇಡಿ, ಅವರಿಗೆ ಪೈಪೋಟಿಯಾಗಿ ಜೋಕು ಹೇಳಲೂ ಹೋಗಬೇಡಿ. ನಿಜವನ್ನು ಚುಟುಕಾಗಿ ಹೇಳಿದರೆ ಸಾಕು. ಒಮ್ಮೆ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಶಹಾಬಾದ್‌ದಾಂವ ರೀ, ಫರ್ಸಿ ಕಲ್ಲಿನ ವ್ಯಾಪಾರ" ಎಂದರು. ಕಲ್ಲನ್ನು ತೂಕ ಹಾಕಿ ಮಾರುತ್ತೀರಾ ಎಂದು ಕೇಳಿದ್ದಕ್ಕೆ, ಎರಡೂ ಕೈ ಅಗಲಿಸಿ "ಫೂಟಿನ ಲೆಕ್ಕ ರೀ" ಎಂದರು. ಕಲಾವಿದರು ಉಳಿದ ಅರ್ಧ ಗಂಟೆ ತಮ್ಮ ಮದುವೆ, ಬಾಡಿಗೆ ಮನೆ, ಅತ್ತೆಯವರ ಸಿಟ್ಟು ಎಲ್ಲವನ್ನೂ ಫೂಟಿನ ಲೆಕ್ಕದಲ್ಲೇ ಅಳೆದರು. ಆ ನಗು ಆ ರಾತ್ರಿಯ ಸಭೆಯದ್ದು. ಮೊಬೈಲಿನಲ್ಲಿ ನೋಡಿದವರಿಗೆ ಅದರ ಕಾಲುಭಾಗವೂ ಸಿಗದು.

ಆ ಕಾರಣಕ್ಕೇ ಫೋನನ್ನು ಕಿಸೆಯಲ್ಲಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ತಿದ್ದಿ ಕಟ್ಟಿದ ಜೋಕಿನ ತಿರುವು ತುಣುಕು ವಿಡಿಯೋದಲ್ಲಿ ಹರಿದಾಡಿದರೆ, ಮುಂದಿನ ಊರಿನಲ್ಲಿ ಅದು ಸತ್ತಂತೆಯೇ. ಮಕ್ಕಳನ್ನು ಕರೆದೊಯ್ಯುವವರು ಮಾತಿನ ಧಾಟಿ ಹೇಗಿರುತ್ತದೆಂದು ಸಂಘಟಕರನ್ನು ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರು ಎದುರಾದರೆ, ಸೆಲ್ಫಿ ಕೇಳುವ ಮೊದಲು ನಿಮ್ಮನ್ನು ನಗಿಸಿದ ಒಂದು ಮಾತನ್ನು ಹೆಸರಿಸಿ ಹೇಳಿ. ಯಾವ ಮಾತು ಬೀದರಿನವರನ್ನು ಮುಟ್ಟಿತೆಂದು ತಿಳಿದರೆ, ಮರುದಿನ ಕಲಬುರಗಿಯಲ್ಲಿ ಅವರು ಅದನ್ನು ಎಲ್ಲಿ ಇಡಬೇಕೆಂದು ಯೋಚಿಸುತ್ತಾರೆ.